ದೊಡ್ಡ ಮಾಸ್ಕ್ ಹಾಕಿ ಅನ್ನುವವರಿಗೆ

"ಡಾಕ್ಟ್ರೇ, ಆ ಮೂಗಿನ ಪೈಪ್ ತೆಗೆದು ದೊಡ್ಡ ಮಾಸ್ಕ್ ಹಾಕಿ." ವಾರ್ಡಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ, ಹಾಗಾಗಿ ಗದರಲೂ ಆಗುವುದಿಲ್ಲ. ಮುಖ ಪೂರ್ತಿ ಮುಚ್ಚಿದರೆ ಆಕ್ಸಿಜನ್ ಜಾಸ್ತಿ ಹೋಗುತ್ತದೆ ಅಂತ ಅವರ ನಂಬಿಕೆ.

ಸ್ವಲ್ಪ ಲೆಕ್ಕ ನೋಡಿ. ಸುಮ್ನೆ ಕೂತಿದ್ದಾಗಲೂ ನಾವು ಗಾಳಿ ಎಳೆದುಕೊಳ್ಳುವ ವೇಗ ನಿಮಿಷಕ್ಕೆ ಸುಮಾರು 30 ಲೀಟರ್. ಏದುಸಿರು ಬಂದವರಲ್ಲಿ ಇದು ಎರಡು ಪಟ್ಟಾಗಬಹುದು. ಪೈಪಿನಿಂದ ಬರುವ ಆಕ್ಸಿಜನ್ ನಿಮಿಷಕ್ಕೆ 2 ಲೀಟರ್ ಅಂತಿಟ್ಟುಕೊಳ್ಳಿ. ಉಳಿದದ್ದೆಲ್ಲ ಕೋಣೆಯ ಗಾಳಿ, ಅದರಲ್ಲಿ ಆಕ್ಸಿಜನ್ ಶೇ. 21 ಮಾತ್ರ. ಎರಡೂ ಬೆರೆತು ಒಳಗೆ ಹೋಗುವುದು ಹೆಚ್ಚುಕಡಿಮೆ ಶೇ. 26ರಿಂದ 28. ಇಲ್ಲಿ ಪೈಪ್ ತೆಗೆದು ಮಾಸ್ಕ್ ಹಾಕಿ, ಫ್ಲೋ (ಆಕ್ಸಿಜನ್ ಹರಿವು) ಹಾಗೇ ಬಿಟ್ಟರೆ ಏನಾಗುತ್ತದೆ? ಲಾಭವಿರಲಿ, ನಷ್ಟವೇ ಆಗುತ್ತದೆ. ಹೊರಬಿಟ್ಟ ಉಸಿರು ಮಾಸ್ಕಿನೊಳಗೇ ನಿಲ್ಲುತ್ತದೆ. ಅದನ್ನು ಹೊರತಳ್ಳಲು 2 ಲೀಟರ್ ಸಾಲದು. ರೋಗಿ ತಾನೇ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಮತ್ತೆ ಎಳೆದುಕೊಳ್ಳುತ್ತಾರೆ. ಅದಕ್ಕೇ ಸಾದಾ ಮಾಸ್ಕಿಗೆ ಕನಿಷ್ಠ 5 ಲೀಟರ್ ಬೇಕು ಅನ್ನುವುದು. 1ರಿಂದ 4 ಲೀಟರ್ ಸಾಕಾಗುವವರಿಗೆ ಮೂಗಿನ ಪೈಪೇ ಸರಿ. ಅವರು ಮಾತಾಡಬಹುದು, ಊಟ ಮಾಡಬಹುದು, ಕೆಮ್ಮಬಹುದು.

ಕೆಳಗೆ ಚೀಲ ಇರುವ ಮಾಸ್ಕಿನ ಕಥೆ ಇನ್ನೂ ಬೇರೆ. ಅದಕ್ಕೆ 10ರಿಂದ 15 ಲೀಟರ್ ಬೇಕು. ಹಾಕುವ ಮೊದಲು ಒಳಗಿನ ವಾಲ್ವನ್ನು ಬೆರಳಲ್ಲಿ ಒತ್ತಿ ಹಿಡಿದು ಚೀಲ ಪೂರ್ತಿ ಉಬ್ಬಿಸಿಕೊಳ್ಳಬೇಕು. ಆಮೇಲೂ ಪ್ರತಿ ಉಸಿರಿಗೆ ಅದು ಸ್ವಲ್ಪ ಕುಗ್ಗಿ ಮತ್ತೆ ತುಂಬಬೇಕು. ಚಪ್ಪಟೆಯಾಗಿ ಅಂಟಿಕೊಂಡರೆ ಆ ಚೀಲ ಇದ್ದೂ ಇಲ್ಲದಂತೆ.

ಒಮ್ಮೆ ಒಬ್ಬ ಹಿರಿಯರನ್ನು ನೋಡಲು ಮನೆಗೆ ಹೋಗಿದ್ದೆ. ಮಗ ಎಲ್ಲಿಂದಲೋ ಚೀಲದ ಮಾಸ್ಕ್ ತಂದು, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ 5 ಲೀಟರಿನ ಕಾನ್ಸಂಟ್ರೇಟರಿಗೆ ಸಿಕ್ಕಿಸಿದ್ದ. ಚೀಲ ಚಪ್ಪಟೆ, ಮಾಸ್ಕಿನ ಒಳಗೆಲ್ಲ ಹಬೆ. ಅಜ್ಜ ಅದನ್ನು ಕಿತ್ತು ಕಿತ್ತು ಎಸೆಯುತ್ತಿದ್ದರು, ಮನೆಯವರೆಲ್ಲ ಸೇರಿ ಹಟಮಾರಿ ಅಂತ ಬೈಯುತ್ತಿದ್ದರು. "ಇದು ಐಸಿಯುನಲ್ಲಿ ಹಾಕೋ ಮಾಸ್ಕ್ ಅಲ್ವಾ ಸರ್?" ಅಂದ ಮಗ. ಹೌದು ಮಾರಾಯ, ಆದರೆ ಅಲ್ಲಿ ಗೋಡೆಯ ಆಕ್ಸಿಜನ್ ಲೈನಿನಿಂದ 15 ಲೀಟರ್ ಬರುತ್ತದೆ. ಮತ್ತೆ ಮೂಗಿನ ಪೈಪ್ ಹಾಕಿ 3 ಲೀಟರಿಗೆ ಇಟ್ಟೆ. ರಕ್ತದ ಆಕ್ಸಿಜನ್ ಮಟ್ಟ ತೋರಿಸುವ ಆಕ್ಸಿಮೀಟರ್ 93ಕ್ಕೆ ಬಂದು ನಿಂತಿತು. ಅಜ್ಜ ಬಾಯಿಬಿಟ್ಟರು: "ಉಸಿರು ಕಟ್ತಿದೆ ಅಂತ ಬೆಳಿಗ್ಗೆಯಿಂದ ಬಡ್ಕೊಂಡೆ. ಯಾರೂ ಕೇಳ್ಲಿಲ್ಲ."

ಹಾಗಂತ ಎಲ್ಲರಿಗೂ ಪೈಪೇ ಸಾಕು ಅಂತ ಹೇಳುತ್ತಿಲ್ಲ. ಉಸಿರಾಟ ಜೋರಾಗಿ, ಪೈಪಿನಲ್ಲಿ ನಂಬರ್ ಏರದಿದ್ದರೆ ರೋಗಿ ಇರಬೇಕಾದ್ದು ಆಸ್ಪತ್ರೆಯಲ್ಲಿ. ಮನೆಯಲ್ಲಿ ಮಾಸ್ಕ್ ಬದಲಿಸುತ್ತಾ ಹೊತ್ತು ಕಳೆಯಬೇಡಿ.

ಇನ್ನು ವೆಂಚುರಿ ಮಾಸ್ಕ್. ಬಣ್ಣಬಣ್ಣದ ತುಂಡು ಇರುತ್ತದಲ್ಲ, ಅದು. ಪ್ರತಿ ತುಂಡಿನ ಮೇಲೂ ಆಕ್ಸಿಜನ್ ಶೇಕಡಾ ಎಷ್ಟು, ಅದಕ್ಕೆ ಎಷ್ಟು ಲೀಟರ್ ಬೇಕು ಅಂತ ಅಚ್ಚಾಗಿರುತ್ತದೆ. ಅದನ್ನೇ ಓದಿ, ಬಣ್ಣ ನೋಡಿ ಊಹಿಸಬೇಡಿ. ಇಲ್ಲಿ ಫ್ಲೋ ಏರಿಸಿದರೆ ಶೇಕಡಾವಾರು ಏರುವುದಿಲ್ಲ, ತುಂಡು ಬದಲಿಸಬೇಕು. ಇದು ಹೆಚ್ಚಾಗಿ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ. ಅವರಿಗೆ ಸಾಮಾನ್ಯವಾಗಿ ನಾವು ಇಡುವ ಗುರಿಯೇ ಆಕ್ಸಿಮೀಟರಿನಲ್ಲಿ 88ರಿಂದ 92. ಮನೆಯವರು 90 ನೋಡಿ ಗಾಬರಿಯಾಗಿ ಆಕ್ಸಿಜನ್ ಏರಿಸುತ್ತಾರೆ. ಇಂಥವರಲ್ಲಿ ಕೆಲವರಿಗೆ ಆಕ್ಸಿಜನ್ ಜಾಸ್ತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ನೋಡುವವರಿಗೆ ಹಾಯಾಗಿ ನಿದ್ದೆ ಮಾಡುತ್ತಿದ್ದಾರೆ ಅನಿಸುತ್ತದೆ. ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಆಕ್ಸಿಮೀಟರಿನಲ್ಲಿ 98 ಇದ್ದರೂ ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಿ.