ಸ್ಲಾಪಿ ಜೋ ಅಂದರೆ ಸಾರಲ್ಲ ಸ್ವಾಮಿ, ಗೊಜ್ಜು

ಹೋದ ಶನಿವಾರ ರಾತ್ರಿ ಊಟದ ಹೊತ್ತಿಗೆ ನನ್ನ ಫೋನಿಗೆ ಒಂದು ಫೋಟೋ ಬಂತು. ತಟ್ಟೆಯಲ್ಲಿ ಬನ್ ಮುಳುಗಿತ್ತು. ಸುತ್ತ ಕೆಂಪು ನೀರು, ನಡುವೆ ಸಿಮೆಂಟ್ ಬಣ್ಣದ ಖೀಮಾ. ಕೆಳಗೆ ಬರೆದಿದ್ದರು: "ಮೇಡಂ, ನೀವು ಹೇಳಿಕೊಟ್ಟ ಹಾಗೇ ಮಾಡಿದೆ. ಬನ್ ಕರಗಿಹೋಯಿತು. ಮಕ್ಕಳು ಸ್ಪೂನ್ ಕೇಳ್ತಿದಾರೆ."

ನಾನು ಹೇಳಿಕೊಟ್ಟ ಹಾಗೆ ಅವರು ಮಾಡಿರಲಿಲ್ಲ. ಆ ಸಿಮೆಂಟ್ ಬಣ್ಣವೇ ಅದನ್ನು ಹೇಳುತ್ತಿತ್ತು.

ಅಮೆರಿಕದ ಅಯೋವಾ ರಾಜ್ಯದ ಒಂದು ಶಾಲೆಯ ಅಡುಗೆಮನೆಯಲ್ಲಿ ನನ್ನ ಕೆಲಸ. ತಿಂಗಳಿಗೊಂದು ಭಾನುವಾರ ಇಲ್ಲಿನ ಕನ್ನಡದ ಮನೆಗಳವರಿಗೆ ಅಡುಗೆ ಹೇಳಿಕೊಡುತ್ತೇನೆ. ಆಗಸ್ಟ್ ಕೊನೆಯಲ್ಲಿ ಶಾಲೆ ಶುರುವಾದರೆ ಸಾಕು, ಅದೇ ಬೇಡಿಕೆ. "ಮಗ ಸ್ಕೂಲಲ್ಲಿ ಸ್ಲಾಪಿ ಜೋ ತಿಂದನಂತೆ, ಮನೆಯಲ್ಲೂ ಮಾಡು ಅಂತ ಪ್ರಾಣ ತಿಂತಾನೆ." ಸಂತೋಷ. ಹುರಿದ ಖೀಮಾಕ್ಕೆ ಟೊಮೆಟೊ ಸಾಸ್ ಬೆರೆಸಿ ಬನ್ನಿನೊಳಗೆ ತುಂಬಿ ಕೊಡುವ ಸ್ಯಾಂಡ್‌ವಿಚ್ ಅದು. ಅರ್ಧ ಗಂಟೆಯ ಕೆಲಸ, ಒಂದೇ ಬಾಣಲೆ, ಮಕ್ಕಳು ತಕರಾರಿಲ್ಲದೆ ತಿನ್ನುತ್ತಾರೆ. ಕೆಲಸದಿಂದ ಬಂದು ಚಪಾತಿ ಲಟ್ಟಿಸಲು ಕೈ ಬಾರದ ದಿನಕ್ಕೆ ಇದಕ್ಕಿಂತ ಸುಲಭದ ಊಟ ನನಗೆ ಗೊತ್ತಿಲ್ಲ. ಆದರೆ ಹತ್ತು ಮನೆಗಳಲ್ಲಿ ಎಂಟು ಮನೆಯವರು ಒಂದೇ ಕಡೆ ಎಡವುತ್ತಾರೆ. ಅದೂ ಪ್ರತಿ ವರ್ಷ!

ಹೆಸರಿನದೂ ತಪ್ಪಿದೆ ಬಿಡಿ. ಸ್ಲಾಪಿ ಅಂದರೆ ಗಲೀಜು ಅಂತ ಯಾರೋ ಹೇಳಿರುತ್ತಾರೆ. ಹಾಗಾದರೆ ನೀರುನೀರಾಗಿದ್ದರೆ ಸರಿ ಅಂದುಕೊಳ್ಳುತ್ತಾರೆ. ಕಚ್ಚಿದಾಗ ಬನ್ನಿನ ಪಕ್ಕದಿಂದ ಉದುರುತ್ತದೆ, ಕೈಯೆಲ್ಲ ಆಗುತ್ತದೆ, ಗಲೀಜು ಅಷ್ಟೇ. ಹದ ಮಾತ್ರ ಗೊಜ್ಜಿನದು. ಬಾಣಲೆಯ ನಡುವೆ ಸೌಟಿನಿಂದ ಒಂದು ಗೆರೆ ಎಳೆಯಿರಿ. ತಳ ಕಾಣಬೇಕು, ಒಂದೆರಡು ಸೆಕೆಂಡ್ ಹಾಗೇ ಇದ್ದು ಆಮೇಲೆ ನಿಧಾನಕ್ಕೆ ಮುಚ್ಚಿಕೊಳ್ಳಬೇಕು. ತಕ್ಷಣ ಮುಚ್ಚಿದರೆ ಅದಿನ್ನೂ ಸಾರು.

ಈ ಜೋ ಯಾರು ಅಂತ ಕ್ಲಾಸಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ನಮ್ಮ ಅಯೋವಾದವರು ಹೇಳುವ ಕಥೆ ಇಷ್ಟು: ಸೂ ಸಿಟಿಯಲ್ಲಿ ಜೋ ಅನ್ನುವ ಅಡುಗೆಯವನೊಬ್ಬ ಉದುರು ಖೀಮಾದ ಸ್ಯಾಂಡ್‌ವಿಚ್‌ಗೆ ಟೊಮೆಟೊ ಸಾಸ್ ಹಾಕಿದನಂತೆ. ಹೆಸರು ತಮ್ಮೂರಿನ ಬಾರಿನದು ಅನ್ನುವ ಫ್ಲೋರಿಡಾದ ಕೀ ವೆಸ್ಟ್‌ನವರು, ಕ್ಯೂಬಾದ ಹವಾನಾದ ಹಳೇ ಬಾರಿನದು ಅನ್ನುವವರು ಇದನ್ನು ಒಪ್ಪುವುದಿಲ್ಲ. ನ್ಯೂ ಜೆರ್ಸಿಯಲ್ಲಿ ಕೆಲವು ಕಡೆ ಸ್ಲಾಪಿ ಜೋ ಕೇಳಿದರೆ ತಣ್ಣಗಿನ ಮೂರು ಪದರದ ಸ್ಯಾಂಡ್‌ವಿಚ್ ಕೊಡುತ್ತಾರೆ, ಬಿಸಿ ಖೀಮಾ ಇರುವುದೇ ಇಲ್ಲ. ಜೋನ ಜಗಳ ನನಗೆ ಬೇಡ. ಆದರೆ ಆ ಉದುರು ಖೀಮಾದ ಸ್ಯಾಂಡ್‌ವಿಚ್ ಇಲ್ಲಿ ಇವತ್ತಿಗೂ ಇದೆ. ಮಸ್ಕಟೀನ್ ಊರಿನಲ್ಲಿ 1926ರಲ್ಲಿ ಶುರುವಾದ ಮೇಡ್-ರೈಟ್ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಅದರಲ್ಲಿ ಟೊಮೆಟೊ ಸಾಸ್ ಇಲ್ಲ. ಬರೀ ಖೀಮಾ, ಈರುಳ್ಳಿ, ಉಪ್ಪಿನಕಾಯಿ ಹಾಕಿದ ಸೌತೆ, ಸಾಸಿವೆ ಪೇಸ್ಟ್. ಅಂದರೆ ಸಾಸ್ ಬೀಳುವ ಮೊದಲೇ ಖೀಮಾಕ್ಕೆ ಅದರದೇ ರುಚಿ ಬಂದಿರಬೇಕು. ನಮ್ಮವರು ಆ ಕೆಲಸವನ್ನೂ ಕೆಚಪ್‌ಗೇ ಬಿಡುತ್ತಾರೆ.

ಈಗ ಎಡವುವ ಜಾಗಕ್ಕೆ ಬರುತ್ತೇನೆ. ನೀರು.

ರವೆ ಹುರಿಯದೆ ಉಪ್ಪಿಟ್ಟು ಮಾಡುತ್ತೀರಾ? ಮಾಡಿದರೆ ಅಂಟು. ಯಾರಿಗೂ ಹೇಳಿಕೊಡಬೇಕಿಲ್ಲ, ಅಲ್ವಾ? ಅದೇ ಕೈ ಖೀಮಾ ಹಿಡಿದಾಗ ಮರೆತುಬಿಡುತ್ತದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ಗೆ. ಖೀಮಾದ ಮೇಲೆ, ಸುತ್ತ ನೀರು ಇರುವ ತನಕ ಅದರ ಬಿಸಿ ಅಲ್ಲಿಂದ ಮೇಲೇರುವುದಿಲ್ಲ. ಉರಿ ಎಷ್ಟು ಜಾಸ್ತಿ ಮಾಡಿದರೂ ನೀರು ಬೇಗ ಆವಿಯಾಗುತ್ತದೆ, ಅಷ್ಟೇ. ಕಂದು ಬಣ್ಣ, ಆ ಹುರಿದ ಪರಿಮಳ ಚೆನ್ನಾಗಿ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ನೀರು ಹೋಗದೆ ಅಲ್ಲಿಗೆ ತಲುಪಲಾಗದು. ನೀರಿರುವಾಗಲೇ ಕೆಚಪ್ ಸುರಿದಿರೋ, ಇನ್ನು ಆ ಬಾಣಲೆಯಲ್ಲಿ ಹುರಿಯುವುದು ಮುಗಿದ ಕಥೆ. ಅಲ್ಲಿಂದಾಚೆ ಬರೀ ಬೇಯುವುದು.

ನಮ್ಮವರು ನೀರನ್ನು ಸಿಂಕಿನಲ್ಲೇ ಶುರು ಮಾಡುತ್ತಾರೆ. ಖೀಮಾವನ್ನು ಜಾಲರಿಯಲ್ಲಿ ಹಾಕಿ ನಲ್ಲಿ ಕೆಳಗೆ ಹಿಡಿದು ತೊಳೆಯುತ್ತಾರೆ! ಊರಲ್ಲಿ ಮಾಂಸ ತೊಳೆಯದೆ ಒಲೆಗೆ ಇಟ್ಟರೆ ಅಮ್ಮ ಬೈಯುತ್ತಿದ್ದರು, ಗೊತ್ತು. ಆದರೆ ಕೊಚ್ಚಿದ ಮಾಂಸ ಸ್ಪಂಜಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಹಸಿ ಮಾಂಸ ತೊಳೆಯಬೇಡಿ ಅಂತ ಇಲ್ಲಿನ ಕೃಷಿ ಇಲಾಖೆಯೂ ಹೇಳುತ್ತದೆ. ರುಚಿಯ ಲೆಕ್ಕ ಬೇರೆ. ತೊಳೆದ ನೀರು ಸಿಡಿದು ಸಿಂಕು, ಕಟ್ಟೆ, ಪಕ್ಕದಲ್ಲಿಟ್ಟ ಕೊತ್ತಂಬರಿಗೆಲ್ಲ ರೋಗಾಣು ಅಂಟುತ್ತದೆ ಅನ್ನುವುದು ಅವರ ಕಾರಣ. ರೋಗಾಣು ಸಾಯುವುದು ಬಿಸಿಗೆ. ಇದನ್ನು ಕೇಳಿದ ಮೇಲೂ ಮನಸ್ಸು ಒಪ್ಪದವರು ಇರುತ್ತಾರೆ. ಅವರಿಗೆ ನಾನು ಹೇಳುವುದು, ಕಾಗದದ ಟವೆಲ್ಲಿನಿಂದ ಒತ್ತಿ ಒರೆಸಿ, ಟವೆಲ್ ಎಸೆದು, ಕೈ ತೊಳೆದುಕೊಳ್ಳಿ. ನೀರೂ ಹೋಯಿತು, ಮನಸ್ಸಿಗೂ ಸಮಾಧಾನ.

ಆಮೇಲೆ ಸಣ್ಣ ಬಾಣಲೆ. ಎರಡು ಪೌಂಡ್ ಖೀಮಾ, ಅಂದರೆ ಸುಮಾರು 900 ಗ್ರಾಂ, ಫ್ರಿಜ್ಜಿನಿಂದ ತೆಗೆದು ಒಮ್ಮೆಲೇ ಒಗೆಯುತ್ತಾರೆ. ಬಾಣಲೆ ತಣ್ಣಗಾಗುತ್ತದೆ, ಖೀಮಾ ನೀರು ಬಿಡುತ್ತದೆ, ಆ ನೀರಿನಲ್ಲೇ ಬೇಯುತ್ತದೆ. ಅಗಲದ ಬಾಣಲೆ ತೆಗೆದುಕೊಳ್ಳಿ, ಚೆನ್ನಾಗಿ ಕಾಯಿಸಿ, ಒಂದು ಸಲಕ್ಕೆ ಒಂದೇ ಪೌಂಡ್. ಹರಡಿ ಮೂರು ನಾಲ್ಕು ನಿಮಿಷ ಕೈ ಕಟ್ಟಿ ನಿಲ್ಲಿ. ಇದು ಎಲ್ಲಕ್ಕಿಂತ ಕಷ್ಟ! ನಮ್ಮ ಕೈಗೆ ಸೌಟು ಬಂದರೆ ತಿರುವದೆ ಇರಲಾಗುವುದಿಲ್ಲ. ತಳ ಕಂದಾದ ಮೇಲೆ ಮಗುಚಿ, ಒಡೆದು, ಇನ್ನೊಂದು ಕಡೆಯೂ ಹುರಿಯಿರಿ. ನಿಮಿಷದ ಲೆಕ್ಕ ಅಂದಾಜಿನದು. ನಿಮ್ಮ ಒಲೆ ನಾನು ನೋಡಿಲ್ಲ. ಕಾಯಿಲ್ ಇರುವ ಹಳೇ ಒಲೆಗೆ ಇನ್ನೂ ಹೊತ್ತು ಹಿಡಿಯಬಹುದು. ನಾನ್‌ಸ್ಟಿಕ್ ಬಾಣಲೆಯನ್ನು ಖಾಲಿ ಇಟ್ಟು ಜೋರು ಉರಿಯಲ್ಲಿ ಕಾಯಿಸಬೇಡಿ, ಕಬ್ಬಿಣದ್ದೋ ಸ್ಟೀಲಿನದೋ ಒಳ್ಳೆಯದು.

ಕೊನೆಗೆ ಮುಚ್ಚಳ. ಕೊಬ್ಬು ಒಲೆಯ ಮೇಲೆಲ್ಲ ಸಿಡಿಯುತ್ತದೆ ಅಂತ ಮುಚ್ಚುತ್ತಾರೆ. ಮೇಲೆ ಹೋದ ಆವಿ ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗಿ ಬಾಣಲೆಗೇ ಬೀಳುತ್ತದೆ. ಇಷ್ಟು ಹೊತ್ತು ಓಡಿಸಿದ್ದನ್ನು ಬಾಗಿಲು ತೆಗೆದು ಒಳಗೆ ಕರೆದ ಹಾಗಾಯಿತು. ಸಿಡಿದರೆ ಒರೆಸಿ.

ಮುಚ್ಚಳದ ಪಾಠ ನಾನು ಕಲಿತದ್ದು ನಾನೇ ಕೆಟ್ಟು. ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ದೊಡ್ಡ ಅಡುಗೆ. ಹದ ಚೆನ್ನಾಗೇ ಬಂದಿತ್ತು. ಟ್ರೇಗೆ ತುಂಬಿ, ಗಟ್ಟಿಯಾಗಿ ಫಾಯಿಲ್ ಮುಚ್ಚಿ, ಬಿಸಿ ಡಬ್ಬಿಯೊಳಗೆ ಒಂದು ಗಂಟೆಗೂ ಜಾಸ್ತಿ ಇಟ್ಟೆ. ತೆಗೆದರೆ ಮೇಲೆ ಒಂದು ಬೆರಳು ನೀರು. ಸಾಲಿನಲ್ಲಿ ನಿಂತಿದ್ದ ಎರಡನೇ ಕ್ಲಾಸಿನ ಪುಟ್ಟ ಹುಡುಗಿ ತಟ್ಟೆ ನೋಡಿ, ನನ್ನ ಮುಖ ನೋಡಿ, "ಇದು ಸೂಪಾ?" ಅಂದಳು. ಆ ಮಗುವಿನ ಧ್ವನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಲೂ ತಿಳಿದುಕೊಳ್ಳಲು ಕೇಳಿದ್ದಳು. ಅದು ಇನ್ನೂ ನಾಟಿತು.

ಸರಿ, ಹುರಿದದ್ದು ಸಾಕಾಯಿತು ಅಂತ ಹೇಗೆ ಗೊತ್ತು? ನಾನು ಬಣ್ಣ ನೋಡಿ ಅನ್ನುತ್ತಿದ್ದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿದ್ದು ಹಾಸನದಿಂದ ಬಂದಿದ್ದ ಒಬ್ಬ ಅತ್ತೆಯಿಂದ. ಸೊಸೆಯ ಜೊತೆ ಕ್ಲಾಸಿಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅವರು ಮಾಂಸ ಮುಟ್ಟುವವರಲ್ಲ. ಸೊಸೆ ಕೆಚಪ್ ಬಾಟಲಿ ಎತ್ತಿದಳು. ಅತ್ತೆ ಕೂತಲ್ಲಿಂದಲೇ, "ತಡಿಯೇ ತಾಯಿ, ಇನ್ನೂ ಕೊತಕೊತ ಅಂತಿದೆ. ಚುರುಚುರು ಅನ್ನಲಿ" ಅಂದರು. ಬಾಣಲೆ ನೋಡಿರಲೇ ಇಲ್ಲ! ಎಷ್ಟು ಸರಿಯಾದ ಮಾತು ನೋಡಿ. ನೀರು ಕುದಿಯುವ ಸದ್ದೇ ಬೇರೆ, ಕೊಬ್ಬಿನಲ್ಲಿ ಹುರಿಯುವ ಸದ್ದೇ ಬೇರೆ. ಅವತ್ತಿನಿಂದ ನಾನು ಕ್ಲಾಸಿನಲ್ಲಿ ಕಣ್ಣು ಮುಚ್ಚಿ ಕೇಳಿ ಅನ್ನುತ್ತೇನೆ. ಸೊಸೆಗೆ ಸ್ವಲ್ಪ ಕೋಪ ಬಂದಿತ್ತು. ಆದರೆ ಬಾಟಲಿ ಕೆಳಗಿಟ್ಟಳು.

ಸದ್ದು ಬದಲಾದ ಮೇಲೆ ಉಳಿದದ್ದು ಬೇಗ ಆಗುತ್ತದೆ. ಕೊಬ್ಬು ಜಾಸ್ತಿ ಇದ್ದರೆ ಹಳೇ ತಗಡಿನ ಡಬ್ಬಿಗೆ ಬಸಿಯಿರಿ, ಸಿಂಕಿಗೆ ಬೇಡ, ಪೈಪಿನಲ್ಲಿ ಗಟ್ಟಿಯಾಗುತ್ತದೆ. ಟರ್ಕಿ, ಕೋಳಿ ಖೀಮಾದಲ್ಲಿ ಕೊಬ್ಬು ಕಡಿಮೆ, ಅದಕ್ಕೆ ಮೊದಲೇ ಎರಡು ಚಮಚ ಎಣ್ಣೆ ಹಾಕಿಕೊಂಡಿರಬೇಕು. ಹೆಚ್ಚಿದ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಹಾಕಿ ಬಾಡಿಸಿ. ಒಂದು ಪೌಂಡಿಗೆ ಮುಕ್ಕಾಲು ಕಪ್ ಕೆಚಪ್, ಒಂದು ದೊಡ್ಡ ಚಮಚ ಕಂದು ಸಕ್ಕರೆ, ಅಷ್ಟೇ ವೂಸ್ಟರ್ ಸಾಸ್, ಒಂದು ಸಣ್ಣ ಚಮಚ ಸಾಸಿವೆ ಪೇಸ್ಟ್. ಬಾಣಲೆ ತಳ ಕೆರೆಯಲು ಕಾಲು ಕಪ್ ನೀರು. ಹೌದು, ಈಗ ನೀರು ಹಾಕಬಹುದು. ಹುರಿಯುವುದು ಮುಗಿದಿದೆ, ತಳಕ್ಕೆ ಅಂಟಿದ ರುಚಿಯನ್ನು ಬಿಡಿಸಿಕೊಳ್ಳಲು ಬೇಕು. ಮುಚ್ಚದೆ ಹತ್ತು ನಿಮಿಷ ಸಣ್ಣ ಉರಿ. ಗೆರೆ ಎಳೆದು ನೋಡಿ. ಕಂದಾಯಿತು ಅಂದ ಮಾತ್ರಕ್ಕೆ ಒಳಗೆ ಬೆಂದಿದೆ ಅಂತ ನಂಬಬೇಡಿ. ದನ, ಕುರಿಯ ಖೀಮಾ ಒಳಗೆ 160 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 71 ಸೆಲ್ಸಿಯಸ್) ಮುಟ್ಟಬೇಕು. ಕೋಳಿ, ಟರ್ಕಿ 165 ಫ್ಯಾರನ್‌ಹೀಟ್ (ಸುಮಾರು 74 ಸೆಲ್ಸಿಯಸ್). ಥರ್ಮಾಮೀಟರ್ ಇಟ್ಟುಕೊಳ್ಳಿ, ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರಂತೂ ಖಂಡಿತ.

ಡಬ್ಬಿ ಸಾಸ್ ತರಬಹುದಾ ಅಂತ ಮೆಲ್ಲಗೆ ಕೇಳುವವರು ಇದ್ದಾರೆ. ತನ್ನಿ, ಅದರಲ್ಲಿ ನಾಚಿಕೆ ಏನು. ಮ್ಯಾನ್‌ವಿಚ್ ಡಬ್ಬಿ 1969ರಿಂದ ಈ ದೇಶದ ಅಮ್ಮಂದಿರನ್ನು ಕಾಪಾಡಿಕೊಂಡು ಬಂದಿದೆ. ಆದರೆ ಡಬ್ಬಿಯೂ ಹೇಳುವುದು ಅದನ್ನೇ: ಮೊದಲು ಖೀಮಾ ಹುರಿಯಿರಿ, ಬಸಿಯಿರಿ, ಆಮೇಲೆ ಸಾಸ್.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಆಂಚೊವಿ ಅನ್ನುವ ಸಣ್ಣ ಮೀನು ಇರುತ್ತದೆ, ಲೇಬಲ್ ಓದಿ. ಅದರಲ್ಲೇ ಹುಣಸೆಹಣ್ಣೂ ಇರುತ್ತದೆ ಅನ್ನುವುದು ನಮಗೆ ಅನುಕೂಲ. ಒಂದು ಚಮಚ ಗಟ್ಟಿ ಹುಣಸೆ ರಸ, ಚೂರು ಬೆಲ್ಲ ಹಾಕಿದರೆ ರುಚಿ ಹತ್ತಿರಕ್ಕೆ ಬರುತ್ತದೆ. ಖೀಮಾದ ಜಾಗಕ್ಕೆ ಸಿಪ್ಪೆ ಇರುವ ಇಡೀ ಮಸೂರ್. ಕೆಂಪು ಮಸೂರ್ ಬೇಳೆ ಬೇಡ, ಅದು ತೊವ್ವೆ ಆಗಿಬಿಡುತ್ತದೆ. ಕುಕ್ಕರ್ ಕೂಡ ಬೇಡ. ತೆರೆದ ಪಾತ್ರೆಯಲ್ಲಿ ಕಾಳು ಒಡೆಯದ ಹಾಗೆ ಬೇಯಿಸಿ, ಪೂರ್ತಿ ಬಸಿದು, ಎಣ್ಣೆಯಲ್ಲಿ ಹುರಿಯಿರಿ. ಇಲ್ಲೂ ಅದೇ ಸದ್ದಿಗೆ ಕಾಯಬೇಕು. ಮೀಲ್‌ಮೇಕರ್ ಹರಳು ಬಳಸುವವರು ನೆನೆಸಿದ ಮೇಲೆ ಎರಡೂ ಕೈಯಲ್ಲಿ ಹಿಂಡಿ. ಇನ್ನೊಮ್ಮೆ ಹಿಂಡಿ.

ಬನ್ನಿನ ಕತ್ತರಿಸಿದ ಬದಿಯನ್ನು ಬೆಣ್ಣೆ ಸವರಿ ಕಾವಲಿಯ ಮೇಲೆ ಕೆಂಪಗೆ ಮಾಡಿಕೊಳ್ಳಿ, ಗೊಜ್ಜು ಬೇಗ ಇಳಿಯುವುದಿಲ್ಲ. ಮಕ್ಕಳು ಕೈ ತೊಳೆದು ಕೂತ ಮೇಲೆ ತುಂಬಿಸಿ, ಮೊದಲೇ ಬೇಡ. ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ನಾಲ್ಕು ದಿನ ಇರುತ್ತದೆ. ನಮ್ಮ ಮನೆಯಲ್ಲಿ ಅದು ಮಾರನೇ ದಿನ ದೋಸೆಯೊಳಗೆ ಹೋಗುತ್ತದೆ, ಆಲೂಗಡ್ಡೆ ಪಲ್ಯದ ಜಾಗಕ್ಕೆ. ಫ್ರಿಜ್ಜಿನಿಂದ ತೆಗೆದದ್ದನ್ನು ಮೈಕ್ರೋವೇವಿನಲ್ಲಿ ಮುಚ್ಚಿ ಬಿಸಿ ಮಾಡಿದರೆ ಮತ್ತೆ ನೀರಾಡುತ್ತದೆ, ದೋಸೆ ಹರಿಯುತ್ತದೆ. ಬಾಣಲೆಗೇ ಹಾಕಿ, ಹೊಗೆಯಾಡುವಷ್ಟು ಬಿಸಿ ಮಾಡಿ, ಚುರುಚುರು ಅಂದ ಮೇಲೆ ದೋಸೆ ಹುಯ್ಯಿರಿ.