ಕನ್ನಂಬಾಡಿ ಕಾರಂಜಿ ಚಿತ್ರಾನ್ನ ಆಗೋದ್ಯಾಕೆ?

ಮಂಡ್ಯದಿಂದ ಅಕ್ಕನ ಮಕ್ಕಳು ರಜಕ್ಕೆ ಬಂದಿದ್ರು, ಮೈಸೂರಲ್ಲಿ ಎಲ್ಲಾ ಸುತ್ತಿಸಿ ಆದ್ಮೇಲೆ ಕೊನೇಗೆ ಬೃಂದಾವನಕ್ಕೆ ಕರ್ಕೊಂಡ್ಹೋದೆ. ಕತ್ತಲಾದ ಮೇಲೆ ಸಂಗೀತ ಕಾರಂಜಿ ಶುರುವಾಯ್ತು, ಎಲ್ರ ಥರ ನಾನೂ ಮೊಬೈಲ್ ಎತ್ತಿ ಹಿಡ್ಕೊಂಡೆ. ನನ್ ಫೋನಲ್ಲಿ ನೋಡಿದ್ರೆ ಒಂದೊಂದು ಹನಿನೂ ಕಾಣುತ್ತೆ, ಅದನ್ನೇ ಫ್ಯಾಮಿಲಿ ಗ್ರೂಪ್‌ಗೆ ಹಾಕಿದ್ರೆ ಅಕ್ಕ ಫೋನ್ ಮಾಡಿ "ಏನ್ಲಾ ಇದು, ಬರೀ ಚೌಕ ಚೌಕ ಕಾಣ್ತದೆ" ಅಂದ್ಳು. ನೋಡಿದ್ರೆ ನೀರೆಲ್ಲಾ ಚಿತ್ರಾನ್ನ. ಆದ್ರೆ ಮುಂದೆ ಕೂತಿದ್ದೋರ ತಲೆಗಳು ಮಾತ್ರ ನೀಟಾಗಿ ಹಂಗೇ ಇದ್ವು!

ಒಂಚೂರು ಲೆಕ್ಕ ಹಾಕೋಣ. ಫುಲ್ ಎಚ್‌ಡಿ ಅಂದ್ರೆ ಒಂದು ಫ್ರೇಮಿಗೆ 1920 ಇಂಟು 1080, ಸುಮಾರು 20.7 ಲಕ್ಷ ಚುಕ್ಕಿ. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ 3 ಬೈಟು, ಅಲ್ಲಿಗೆ ಫ್ರೇಮಿಗೆ 6 ಎಂಬಿ ಚಿಲ್ರೆ. ಸೆಕೆಂಡಿಗೆ 30 ಫ್ರೇಮ್ ಅಂದ್ರೆ ಒಂದ್ ನಿಮಿಷದ ವಿಡಿಯೋಗೇ 11 ಜಿಬಿ ಆಯ್ತು. ಇದನ್ನ ಯಾರ್ ಕಳ್ಸ್ತಾರೆ, ಯಾರ್ ಇಟ್ಕೊಳ್ತಾರೆ.

ಅದಕ್ಕೇ ವಿಡಿಯೋನ ಹಿಂಡಿ ಚಿಕ್ಕದು ಮಾಡೋ, 2003ರಲ್ಲಿ ಬಂದ ಎಚ್.264 ಥರದ ಕೋಡೆಕ್‌ಗಳು ಪೂರ್ತಿ ಚಿತ್ರ ಬರೆಯೋದು ಆಗೊಂದು ಈಗೊಂದು ಸಲ ಅಷ್ಟೇ. ಮಿಕ್ಕ ಫ್ರೇಮಲ್ಲೆಲ್ಲಾ "ಈ ಚೌಕ ಹಿಂದಿಂದೇ ಇರ್ಲಿ, ಆ ಚೌಕ ನಾಲ್ಕು ಚುಕ್ಕಿ ಬಲಕ್ಕೆ ಸರಿಸ್ಕೋ" ಅಂತ ಬರ್ಕೊಂಡು, ಮಿಕ್ಕ ವ್ಯತ್ಯಾಸ ಮಾತ್ರ ಜೊತೆಗೆ ಸೇರಿಸ್ತವೆ. ಸಯ್ಯಾಜಿರಾವ್ ರೋಡಲ್ಲಿ ಬಸ್ ಹೋದ್ರೆ ಇದು ಬೊಂಬಾಟ್ ಕೆಲಸ ಮಾಡುತ್ತೆ, ಬಸ್ಸು ಅದೇ ಬಸ್ಸು, ಜಾಗ ಬೇರೆ. ಕಾರಂಜಿಲಿ ಹಂಗಲ್ಲ, ಈ ಕ್ಷಣದ ಹನಿ ಮುಂದಿನ ಕ್ಷಣಕ್ಕೆ ಒಡೆದೋಗಿರುತ್ತೆ, ಕಾಪಿ ಹೊಡಿಯೋಣ ಅಂದ್ರೆ ಹಿಂದೆ ಏನೂ ಇಲ್ಲ, ಪ್ರತಿ ಫ್ರೇಮಲ್ಲೂ ನೀರನ್ನ ಹೊಸದಾಗೇ ಬರೀಬೇಕು. ಆ್ಯಪ್‌ಗಳು ಸೆಕೆಂಡಿಗೆ ಇಷ್ಟೇ ಬಿಟ್ಸು ಅಂತ ರೇಷನ್ ಕೊಟ್ಟಿರ್ತವೆ, ನೀರಿಗೆ ಅದು ಸಾಕಾಗಲ್ಲ.

ಸಾಕಾಗದಿದ್ದಾಗ ಏನ್ ಬಿಸಾಕೋದು ಅನ್ನೋದೇ ಮಜಾ ಇರೋ ವಿಷಯ. ಚೌಕದೊಳಗಿನ ಬೆಳಕನ್ನ ಅಲೆಗಳಾಗಿ ಬಿಡಿಸ್ತಾರೆ, ನಿಧಾನಕ್ಕೆ ಬದಲಾಗೋ ಛಾಯೆ ಒಂದ್ ಕಡೆ, ಸಣ್ಣ ಸಣ್ಣ ಗೆರೆ, ಹನಿ ಎಲ್ಲಾ ಇನ್ನೊಂದ್ ಕಡೆ. ಸಣ್ಣದು ಹೋದ್ರೆ ಕಣ್ಣಿಗೆ ಅಷ್ಟಾಗಿ ಗೊತ್ತಾಗಲ್ಲ, ಮೊದ್ಲು ಅದನ್ನೇ ಸೊನ್ನೆ ಮಾಡ್ತಾರೆ. ತೀರಾ ಜಾಸ್ತಿ ಸೊನ್ನೆ ಮಾಡಿದ್ರೆ ಚೌಕಕ್ಕೊಂದೇ ಬಣ್ಣ ಉಳಿಯುತ್ತೆ, ನಮ್ಮಕ್ಕ ಕಂಡಿದ್ದು ಅದನ್ನೇ.

ಈ ಉಪಾಯದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಯೋಚನೆ ಮಾಡಿದ್ದು ನಮ್ಮೋರೇ, ಬೆಂಗಳೂರಲ್ಲಿ ಹುಟ್ಟಿದ ನಾಸಿರ್ ಅಹ್ಮದ್. ಯುವಿಸಿಇ, ಅಂದ್ರೆ ಬೆಂಗಳೂರಿನ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಲ್ಲಿ ಓದಿದೋರು, 1961ರಲ್ಲಿ ಅವ್ರು ಡಿಗ್ರಿ ತಗೊಂಡಾಗ ಆ ಕಾಲೇಜು ಮೈಸೂರು ಯೂನಿವರ್ಸಿಟಿ ಕೆಳಗಿತ್ತು. ಆ ಕಾಲೇಜು ಶುರುವಾಗಿದ್ದು 1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಅಂದ್ರೆ ನೋಡಿ, ಕಟ್ಟೆ ಕಟ್ಸಿದೋರದ್ದೇ ಕಾಲೇಜು! 1972ರಲ್ಲಿ ಅಹ್ಮದ್ ಈ ಐಡಿಯಾಗೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಹತ್ರ ದುಡ್ಡು ಕೇಳಿದ್ರೆ, ಇದು ತೀರಾ ಸಿಂಪಲ್ ಅನ್ನೋ ಮಾತು ಬಂದು ಅರ್ಜಿ ಬಿದ್ದೋಯ್ತು. ಆದ್ರೂ ಬಿಡದೆ ಟಿ. ನಟರಾಜನ್, ಕೆ.ಆರ್. ರಾವ್ ಜೊತೆ 1974ರಲ್ಲಿ ಪೇಪರ್ ಬರೆದ್ರು. ಇವತ್ತು ನೀವು ತೆಗೆಯೋ ಪ್ರತಿ ಜೆಪೆಗ್ ಫೋಟೋದಲ್ಲೂ ಅದೇ ಲೆಕ್ಕ ಕೂತಿದೆ.

ಎಡಿಟಿಂಗ್‌ಗೆ ನಾನು ಕೆಡೆನ್‌ಲೈವ್ ಬಳಸ್ತೀನಿ, ಆದ್ರೆ ನನಗೆ ಪ್ರಾಣ ಅಂದ್ರೆ ವಿಡಿಯೋ ಹಿಂಡೋ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್, ಎರಡೂ ಫ್ರೀ. ಹ್ಯಾಂಡ್‌ಬ್ರೇಕಲ್ಲಿ ಆರ್‌ಎಫ್ ಅಂತ ಒಂದ್ ಸ್ಲೈಡರ್ ಇದೆ, ನಂಬರ್ ಕಮ್ಮಿ ಆದಷ್ಟೂ ಕ್ವಾಲಿಟಿ ಜಾಸ್ತಿ. ಇಲ್ಲಿ ರೇಷನ್ ಇಲ್ಲ, ಕ್ವಾಲಿಟಿ ಇಷ್ಟಿರ್ಲಿ ಅಂತ ಹೇಳಿದ್ರೆ ಸೈಜ್ ಎಷ್ಟಾದ್ರೂ ಆಗ್ಲಿ ಅಂತ ಬಿಡುತ್ತೆ. ಹಂಗಾಗಿ ಒಂದೇ ಆರ್‌ಎಫ್‌ನಲ್ಲಿ ಮದುವೆ ಸ್ಟೇಜ್ ವಿಡಿಯೋ ಚಿಕ್ಕದಾಗುತ್ತೆ, ಕಾರಂಜಿ ವಿಡಿಯೋ ದಪ್ಪ ಆಗುತ್ತೆ. ಇನ್ನೊಂದು, ರಾತ್ರಿ ಶೂಟ್ ಮಾಡಿದ್ರೆ ಕಪ್ಪು ಆಕಾಶದಲ್ಲಿ ರವೆ ಚೆಲ್ಲಿದಂಗೆ ಕಾಳುಕಾಳು ಬರುತ್ತಲ್ಲ, ಅದೂ ಫ್ರೇಮ್‌ನಿಂದ ಫ್ರೇಮಿಗೆ ಬದಲಾಗುತ್ತೆ, ನೀರಿನಂಗೇ ಬಿಟ್ಸು ತಿನ್ನುತ್ತೆ. ಡಿನಾಯ್ಸ್ ಹಾಕಿ ಮೊದ್ಲು ಅದನ್ನ ಒರೆಸಿದೆ, ಆರ್‌ಎಫ್ 20 ಇಟ್ಟೆ, ಈ ಸಲ ವಿಡಿಯೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳ್ಸಿದೆ, ಹಂಗೆ ಮಾಡಿದ್ರೆ ಆ್ಯಪ್ ಫೈಲನ್ನ ಇನ್ನೊಂದ್ ಸಲ ಹಿಂಡಲ್ಲ.

ಅಕ್ಕ ಮತ್ತೆ ಫೋನ್ ಮಾಡಿದ್ಳು. "ನೀರು ಚೆನ್ನಾಗ್ ಕಾಣ್ತದೆ ಕಣೋ, ಆದ್ರೆ ನನ್ ಇವತ್ತಿನ ಡೇಟಾ ಪೂರ್ತಿ ಮುಗಿಸ್ಬುಟ್ಟೆ!"