ಬಿಗಿ ಮಾಂಸದ ಅಡುಗೆ: ಟೆಕ್ಸಸ್‌ನ ಚಿಲಿ

ಅಮೆರಿಕದ ಟೆಕ್ಸಸ್ ರಾಜ್ಯಕ್ಕೆ 1977ರಿಂದ ಒಂದು ಅಧಿಕೃತ ಖಾದ್ಯವಿದೆ. ಅದು ಚಿಲಿ. ದನದ ಮಾಂಸದ ತುಂಡುಗಳನ್ನು ಒಣಮೆಣಸಿನಕಾಯಿಯ ದಪ್ಪ ರಸದಲ್ಲಿ ಗಂಟೆಗಟ್ಟಲೆ ಬೇಯಿಸಿದ ಅಡುಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ಯಾನ್ ಆಂಟೋನಿಯೊ ನಗರದ ಚೌಕಗಳಲ್ಲಿ ಸಂಜೆಯಾದರೆ ಮೆಕ್ಸಿಕನ್ ಮೂಲದ ಹೆಂಗಸರು ಮೇಜು ಹಾಕಿ, ಲಾಂದ್ರ ಹಚ್ಚಿ ಇದನ್ನು ಮಾರುತ್ತಿದ್ದರು. ಊರಿನವರು ಅವರನ್ನು ‘ಚಿಲಿ ರಾಣಿಯರು’ ಎಂದೇ ಕರೆದರು. 1893ರ ಷಿಕಾಗೊ ವಿಶ್ವಮೇಳದಲ್ಲೂ ಸ್ಯಾನ್ ಆಂಟೋನಿಯೊ ಹೆಸರಿನ ಚಿಲಿ ಅಂಗಡಿಯಿತ್ತು. 1930ರ ದಶಕದಲ್ಲಿ ನಗರದ ನೈರ್ಮಲ್ಯ ನಿಯಮಗಳು ಬಿಗಿಯಾಗಿ ರಾಣಿಯರ ಮೇಜುಗಳು ಚೌಕದಿಂದ ಎದ್ದುಹೋದವು.

ಕೆಲವೇ ಸೆಂಟುಗಳಿಗೆ ಹೊಟ್ಟೆ ತುಂಬಿಸಬೇಕಾದ ಅಡುಗೆಗೆ ಎಳೆಯ, ಮೆದು ಮಾಂಸ ಎಲ್ಲಿಂದ ಬರಬೇಕು? ಹೆಗಲು, ಕಾಲಿನಂತಹ ಅಗ್ಗದ ಭಾಗಗಳೇ ಗತಿ. ವಿಜ್ಞಾನ ನೋಡಿದರೆ ಇದು ಬಡತನದ ರಾಜಿಯಲ್ಲ, ಸರಿಯಾದ ಆಯ್ಕೆ. ದುಬಾರಿ ಮೆದು ಮಾಂಸದಿಂದ ಚಿಲಿ ಮಾಡಿದರೆ ಹಣವೂ ಹಾಳು, ಚಿಲಿಯೂ ಹಾಳು.

ಪ್ರಾಣಿ ನಡೆಯುವಾಗ, ಮೇಯುವಾಗ ಹೆಚ್ಚು ದುಡಿಯುವ ಸ್ನಾಯುಗಳಲ್ಲಿ ಕೊಲಾಜನ್ ಎಂಬ ಪ್ರೋಟೀನ್ ಹೆಚ್ಚು. ಮೂರು ಎಳೆಗಳನ್ನು ಹುರಿಮಾಡಿದ ಹಗ್ಗದಂತಿರುವ ಈ ಅಣು ಸ್ನಾಯುವಿನ ನಾರುಗಳನ್ನು ಒಟ್ಟಾಗಿ ಕಟ್ಟಿಹಿಡಿಯುತ್ತದೆ. ನೀರಿನಲ್ಲಿ ಬಹಳ ಹೊತ್ತು ಬೆಂದರೆ ಎಳೆಗಳು ಬಿಚ್ಚಿಕೊಂಡು ಜೆಲಾಟಿನ್ ಆಗುತ್ತವೆ. ರಾತ್ರಿ ಉಳಿದ ಕಾಲು ಸೂಪು ಬೆಳಿಗ್ಗೆ ಪಾತ್ರೆಯಲ್ಲಿ ಹೆಪ್ಪುಗಟ್ಟಿರುವುದನ್ನು ಕಂಡವರಿಗೆ ಜೆಲಾಟಿನ್‌ನ ಪರಿಚಯ ಬೇರೆ ಬೇಕಿಲ್ಲ.

ತೊಡಕಿರುವುದು ಸಮಯದಲ್ಲಿ. ಸ್ನಾಯುವಿನ ನಾರುಗಳ ಪ್ರೋಟೀನ್‌ಗಳು ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಿಂದಲೇ ರೂಪಗೆಡತೊಡಗುತ್ತವೆ. 70 ದಾಟುವ ಹೊತ್ತಿಗೆ ನಾರುಗಳು ಕುಗ್ಗಿ, ಒಳಗಿದ್ದ ನೀರನ್ನು ಬಹುಪಾಲು ಹಿಂಡಿ ಹೊರಹಾಕಿರುತ್ತವೆ. ಇದಕ್ಕೆ ಕೆಲವು ನಿಮಿಷ ಸಾಕು. ಆದರೆ ಕೊಲಾಜನ್ ಕರಗಲು 80ಕ್ಕಿಂತ ಮೇಲಿನ ಬಿಸಿಯಲ್ಲೂ ಗಂಟೆಗಳು ಬೇಕು. ಹೀಗಾಗಿ ಒಲೆಗಿಟ್ಟು ಒಂದು ಗಂಟೆಯಾದಾಗ ಮಾಂಸ ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುತ್ತದೆ: ನೀರು ಹೋಗಿದೆ, ಕೊಲಾಜನ್ ಇನ್ನೂ ಹೋಗಿಲ್ಲ. ರುಚಿ ನೋಡಿ ‘ಮಾಂಸವೇ ಸರಿಯಿಲ್ಲ’ ಎಂದು ಕಟುಕನನ್ನು ಬೈಯುವವರು ಬೈಯುವುದು ಈ ಗಳಿಗೆಯಲ್ಲೇ. ಎರಡೂವರೆ, ಮೂರು ಗಂಟೆ ಕಾದರೆ ಅದೇ ತುಂಡು ಚಮಚದ ತುದಿಗೆ ಬಿಡಿಸಿಕೊಳ್ಳುತ್ತದೆ. ಆಗ ಬಾಯಿಗೆ ರಸಭರಿತ ಎನಿಸುವುದು ಬಹುಮಟ್ಟಿಗೆ ನಾರುಗಳ ನಡುವೆ ಹರಡಿದ ಜೆಲಾಟಿನ್ ಮತ್ತು ಕೊಬ್ಬಿನಿಂದ. ಮೆದು ಮಾಂಸದಲ್ಲಿ ಕೊಲಾಜನ್ನೇ ಕಡಿಮೆ. ಎಷ್ಟು ಬೇಯಿಸಿದರೂ ಒಣ ನಾರು ಉಳಿಯುತ್ತದೆ.

ಕೊತಕೊತ ಕುದಿಸಿ ಸಮಯ ಉಳಿಸುತ್ತೇನೆಂದರೆ ಆಗುವುದಿಲ್ಲ. ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ; ಉರಿ ಜಾಸ್ತಿ ಮಾಡಿದರೆ ಹೆಚ್ಚುವುದು ಆವಿ ಮಾತ್ರ. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿ ಸಾಕು. ಕುಕ್ಕರ್ ಬೇರೆ ವಿಷಯ. ಒಳಗಿನ ಒತ್ತಡದಿಂದ ನೀರು ಸುಮಾರು 120 ಡಿಗ್ರಿಗೆ ಏರುವುದರಿಂದ ಕೊಲಾಜನ್ ಬೇಗ ಸೋಲುತ್ತದೆ. ಕುಕ್ಕರ್ ಬಳಸಿದರೆ ಸಂಪ್ರದಾಯ ಕೆಟ್ಟಿತು ಎನ್ನುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ದನದ ಮಾಂಸ ತಿನ್ನದವರು ಕುರಿಯ ಮುಂಗಾಲು, ಹೆಗಲಿನ ಭಾಗದಿಂದ ಮಾಡಬಹುದು. ಟೆಕ್ಸಸ್‌ನವರು ಮೂಗು ಮುರಿದಾರು, ಕೊಲಾಜನ್ ಮೂಗು ಮುರಿಯುವುದಿಲ್ಲ.

ಬೇಯಿಸುವ ಮೊದಲು ತುಂಡುಗಳನ್ನು ಬಿಸಿ ಎಣ್ಣೆಯಲ್ಲಿ ಕಂದು ಬಣ್ಣ ಬರುವಂತೆ ಹುರಿಯಬೇಕು. ಹೀಗೆ ಮಾಡಿದರೆ ಮಾಂಸದ ರಸ ಒಳಗೇ ‘ಮುಚ್ಚಿಕೊಳ್ಳುತ್ತದೆ’ ಎಂಬ ನಂಬಿಕೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜನಪ್ರಿಯಗೊಳಿಸಿದವನು ಜರ್ಮನ್ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್. ನಂಬಿಕೆ ಸುಳ್ಳು. ಬಾಣಲೆಯ ಚುರ್ ಸದ್ದೇ ರಸ ಹೊರಬೀಳುತ್ತಿರುವುದಕ್ಕೆ ಸಾಕ್ಷಿ. ಹುರಿಯುವುದು ಪರಿಮಳಕ್ಕಾಗಿ. ಫ್ರೆಂಚ್ ವಿಜ್ಞಾನಿ ಲೂಯಿ ಕಾಮಿಯ್ ಮೇಯಾರ್ 1912ರಲ್ಲಿ ವಿವರಿಸಿದ ಪ್ರತಿಕ್ರಿಯೆಯಲ್ಲಿ ಅಮೈನೊ ಆಮ್ಲಗಳೂ ಸಕ್ಕರೆಗಳೂ ಕೂಡಿ ನೂರಾರು ಪರಿಮಳದ ಸಂಯುಕ್ತಗಳಾಗುತ್ತವೆ. ಇದು ಬಿರುಸಾಗುವುದು ಸುಮಾರು 140 ಡಿಗ್ರಿಯ ಮೇಲೆ. ಬಾಣಲೆಯಲ್ಲಿ ಮಾಂಸ ಕಿಕ್ಕಿರಿದರೆ ಹೊರಟ ನೀರು ಆವಿಯಾಗಲು ಜಾಗವಿಲ್ಲದೆ ಉಳಿದು, ಬಿಸಿ 100ರಲ್ಲೇ ನಿಲ್ಲುತ್ತದೆ. ಕಂದು ಬರುವ ಬದಲು ಬೂದು ಬರುತ್ತದೆ. ಸ್ವಲ್ಪ ಸ್ವಲ್ಪವೇ ಹುರಿಯಿರಿ.

ಇನ್ನು ಮೆಣಸಿನಕಾಯಿ. ಇಲ್ಲಿ ಅದು ಒಗ್ಗರಣೆಯ ಸಾಮಗ್ರಿಯಲ್ಲ, ರಸದ ಮೈಯೇ ಅದು. ಟೆಕ್ಸಸ್‌ನಲ್ಲಿ ಹೆಚ್ಚಾಗಿ ಬಳಸುವ ಆ್ಯಂಚೊ ಎಂಬ ಒಣಮೆಣಸಿನಕಾಯಿ ಖಾರವನ್ನು ಅಳೆಯುವ ಸ್ಕೋವಿಲ್ ಮಾಪನದಲ್ಲಿ ಸಾಮಾನ್ಯವಾಗಿ 1000ದಿಂದ 2000ದ ಆಸುಪಾಸು, ಬಹಳ ಸೌಮ್ಯ. ಆದ್ದರಿಂದಲೇ ಬೊಗಸೆಗಟ್ಟಲೆ ಹಾಕಲು ಸಾಧ್ಯ. ತೊಟ್ಟು, ಬೀಜ ತೆಗೆದು, ಬಾಣಲೆಯಲ್ಲಿ ಕ್ಷಣಕಾಲ ಬೆಚ್ಚಗೆ ಮಾಡಿ, ಬಿಸಿನೀರಿನಲ್ಲಿ ನೆನೆಸಿ ರುಬ್ಬುತ್ತಾರೆ. ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ವಸ್ತು ತಯಾರಾಗುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ: ಸುಕ್ಕು ಮೈ, ಗಾಢ ಕೆಂಪು, ಕಡಿಮೆ ಖಾರ. ಆ್ಯಂಚೊದ ಒಣದ್ರಾಕ್ಷಿಯಂತಹ ಸಿಹಿ ವಾಸನೆ ಇದಕ್ಕಿಲ್ಲ. ಬಣ್ಣದಲ್ಲಿ ಮಾತ್ರ ಇದೇನೂ ಕಡಿಮೆಯಲ್ಲ. ಖಾರದ ಗುಂಟೂರು ಮೆಣಸಿನಕಾಯಿಯನ್ನು ಅದೇ ಅಳತೆಯಲ್ಲಿ ಹಾಕಿದರೆ ತಿನ್ನುವವರು ಯಾರೂ ಇರುವುದಿಲ್ಲ.

ಕ್ಯಾಪ್ಸೈಸಿನ್ ರುಚಿಯಲ್ಲ, ನೋವಿನ ಸಂಕೇತ. ಅದು ಟಿಆರ್‌ಪಿವಿ1 ಎಂಬ ನರಗ್ರಾಹಿಯನ್ನು ತೆರೆಯುತ್ತದೆ ಎಂದು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ತೋರಿಸಿತು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿಗೂ ಇದೇ ಗ್ರಾಹಿ ತೆರೆಯುತ್ತದೆ. ಹಾಗಾಗಿ ಒಲೆಯಿಂದ ಇಳಿಸಿದ ಕೂಡಲೇ ತಿಂದ ಚಿಲಿ ಹೆಚ್ಚು ಖಾರ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ನೀರು ಕುಡಿದರೆ ಖಾರ ಇಳಿಯುವುದಿಲ್ಲ. ಮೇಲೆ ಉದುರಿಸುವ ಚೀಸ್, ಬದಿಗಿಡುವ ಮೊಸರು ಕೆಲಸ ಮಾಡುತ್ತವೆ. ಜೀರಿಗೆಯನ್ನು ಹುರಿದು ಪುಡಿಮಾಡಿ ಹಾಕುವುದು ಮರೆಯಬಾರದು.

ಕಾಳು ಹಾಕಬೇಕೆ ಎಂಬುದು ಅಲ್ಲಿ ಜಗಳದ ವಿಷಯ. ಟೆಕ್ಸಸ್‌ನ ಚಿಲಿ ಅಡುಗೆ ಸ್ಪರ್ಧೆಗಳಲ್ಲಿ ಕಾಳು ನಿಷಿದ್ಧ. ರಸಾಯನಶಾಸ್ತ್ರವೂ ಅವರ ಪರ. ಟೊಮೆಟೊದಂತಹ ಹುಳಿಯಲ್ಲಿ ಕಾಳಿನ ಜೀವಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ ಕರಗದೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ರಾಜ್ಮಾದಲ್ಲಂತೂ ಹೊಟ್ಟೆ ಕೆಡಿಸುವ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಅದನ್ನು ಕಳೆಯಲು ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಬೇಕು. ಮಾಂಸಕ್ಕೆ ಬೇಕಾದ ಸಣ್ಣ ಉರಿಯನ್ನು ನಂಬಿ ಕಾಳು ಹಾಕುವುದು ಅಪಾಯ. ಬೇಕಿದ್ದರೆ ಬೇರೆಯಾಗಿ ಬೇಯಿಸಿ ಬೆರೆಸಿ.

ಮಾಡಿದ ದಿನಕ್ಕಿಂತ ಮರುದಿನ ಚಿಲಿ ರುಚಿ ಎನ್ನುತ್ತಾರೆ, ನಿಜ. ಆದರೆ ದೊಡ್ಡ ಪಾತ್ರೆಯಲ್ಲಿ ರಾತ್ರಿಯಿಡೀ ಹೊರಗಿಟ್ಟರೆ ಕ್ಲೋಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಕ್ಕೆ ಹಬ್ಬ. ಅದರ ಬೀಜಾಣುಗಳು ಕುದಿತವನ್ನೂ ತಾಳಿಕೊಂಡು, ದಪ್ಪ ರಸ ನಿಧಾನವಾಗಿ ಆರುವಾಗ ಮೊಳೆಯುತ್ತವೆ. ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಮರುದಿನ ಮೇಲೆ ಹೆಪ್ಪುಗಟ್ಟಿದ ಕೆಂಪು ಕೊಬ್ಬನ್ನು ಪೂರ್ತಿ ಎತ್ತಿ ಬಿಸಾಡಬೇಡಿ. ಮೆಣಸಿನಕಾಯಿಯ ಬಣ್ಣ, ಖಾರ, ಜೀರಿಗೆಯ ಘಮ ಬಹಳಷ್ಟು ಅದರಲ್ಲೇ ಕರಗಿರುತ್ತವೆ. ಆ ಹೊತ್ತಿನ ಊಟಕ್ಕೆ ಬೇಕಾದಷ್ಟು ಚಿಲಿಯನ್ನೇ ತೆಗೆದು, ನಡುವೆಯೂ ಗುಳ್ಳೆ ಬರುವವರೆಗೆ ಕುದಿಸಿ ಬಡಿಸಿ.